ಗೊಬ್ಬರದ ಚೀಲದ ಮೇಲಿನ ಮೂರು ಅಂಕಿಗಳು

(ಶ್ರೀಮಠದ ಅಮೃತಮಹೋತ್ಸವದ ಕೃಷಿಗೋಷ್ಠಿಯಲ್ಲಿ ಮಾಡಿದ ಉಪನ್ಯಾಸ)



ಷಟ್‌ಸ್ಥಲ ಅಷ್ಟಾವರಣಗಳನ್ನು ಕುರಿತು ಅಧಿಕಾರವಾಣಿಯಿಂದ ಮಾತನಾಡಬಲ್ಲ ಪಂಡಿತರು ಈ ವೇದಿಕೆಯ ಮೇಲೆಯೇ ಬಹುಮಂದಿ ಇರುವರು. ಅವರ ಮಧ್ಯದಲ್ಲಿ ನಿಂತು ಗೊಬ್ಬರದ ಮಾತನ್ನೆತ್ತುವದಕ್ಕೆ ನನಗೆ ಸಂಕೋಚವಾಗದೆ ಇಲ್ಲ. ಆದರೆ ಅಪ್ಪಣೆ ಬಂದದ್ದು ಸನ್ನಿಧಿಯಿಂದಲೇ. ಭಕ್ತರ ಮನೆಗಳ ಹಿತ್ತಲಲ್ಲಿ, ಪಟ್ಟಣಗಳಲ್ಲಾದರೆ ಮಾಳಿಗೆಯ ಮೇಲಿನ ಕುಂಡಗಳಲ್ಲಿ, ಪೂಜೆಯ ಹೂವೂ ಅಡಿಗೆಯ ಕಾಯಿಪಲ್ಯವೂ ಬೆಳೆಯುತ್ತಿರುವವು. ಅವಕ್ಕೆ ಹಾಕುವ ಗೊಬ್ಬರದ ವಿಷಯದಲ್ಲಿ ತಿಳಿವಳಿಕೆ ಸಾಲದು. ಆ ಬಗೆಗೆ ನಾಲ್ಕು ಮಾತು ಹೇಳಬೇಕೆಂದು ಆಜ್ಞೆಯಾಯಿತು. ತಿಳಿವಳಿಕೆ ಸಾಲದವರ ಪೈಕಿ ನಾನೂ ಒಬ್ಬನಾಗಿದ್ದೆನೆಂಬದನ್ನು ಮೊದಲೇ ಒಪ್ಪಿಕೊಂಡು ಮುಂದುವರಿಯುವೆನು.

ಕೆಲವು ವರ್ಷಗಳ ಹಿಂದೆ ಶ್ರೀಮಠದ ಜಾತ್ರೆಗೆ ಬಂದಾಗ ಪ್ರಸಾದರೂಪವಾಗಿ ನನಗೊಂದು ಬಿಲ್ವದ ಸಸಿ ದೊರೆಯಿತು. ಮನೆಯಲ್ಲಿ ಬಯಲು ಜಾಗವಿಲ್ಲದ್ದರಿಂದ ಅದನ್ನು ಒಂದು ಅಡಿ ಬಾಯಗಲದ ಕುಂಡದಲ್ಲಿ ನೆಟ್ಟೆನು. ಆರು ತಿಂಗಳಲ್ಲಿ ಅದು ಮೊಳಕಾಲೆತ್ತರಕ್ಕೆ ಬಂದು ಎಲೆ ಬಿಳಿಚತೊಡಗಿತು. ಹೊಲಕ್ಕೆಂದು ತಂದಿದ್ದ ಯೂರಿಯಾದ ಚೀಲ ಮನೆಯ ಮೂಲೆಯಲ್ಲಿತ್ತು. ಗಿಡ ಚಿಕ್ಕದು, ಒಂದು ಹಿಡಿ ಸಾಕು ಎಂದುಕೊಂಡು ಒಂದು ಹಿಡಿ ಹಾಕಿ, ಮೇಲೆ ಒಂದು ತಂಬಿಗೆ ನೀರೆರೆದೆನು. ಮೂರನೆಯ ದಿವಸಕ್ಕೆ ಎಲೆಯ ಅಂಚುಗಳು ಸುಟ್ಟಂತೆ ಕಂದಿದವು; ವಾರ ತುಂಬುವದರೊಳಗಾಗಿ ಗಿಡ ಕಡ್ಡಿಯಾಯಿತು. ಒಂದು ಪತ್ರೆಯೂ ಲಿಂಗಕ್ಕೇರಲಿಲ್ಲ. ಗುರುಪ್ರಸಾದವನ್ನು ಕೈಯಾರೆ ಕೊಂದ ಸಂಕಟ ಎಂಥದೆಂಬದನ್ನು ಈ ಸಭೆಗೆ ನಾನು ಬಿಡಿಸಿ ಹೇಳಬೇಕಾಗಿಲ್ಲ. ಅಂದು ರಾತ್ರಿ ಆ ಚೀಲವನ್ನು ದೀಪದ ಬೆಳಕಿಗೆ ತಿರುಗಿಸಿ ಓದಿದೆನು. ನಾನು ತಿಳಿಯಬೇಕಾಗಿದ್ದುದೆಲ್ಲವೂ ಅದರ ಮೇಲೆಯೇ ಅಚ್ಚಾಗಿತ್ತು.

ಆ ಅಚ್ಚಿನಲ್ಲಿ ಏನಿರುವದೆಂಬದನ್ನು ಈಗ ನೋಡೋಣ. ನಮ್ಮ ದೇಶದಲ್ಲಿ 1985ರ ರಸಗೊಬ್ಬರ ನಿಯಂತ್ರಣ ಆದೇಶದ ಪ್ರಕಾರ, ಮಾರುವ ಗೊಬ್ಬರದ ಚೀಲದ ಮೇಲೆ ಅದರಲ್ಲಿರುವ ಪೋಷಕಾಂಶಗಳ ಪ್ರಮಾಣವನ್ನು ಕಾಣಿಸಲೇಬೇಕು. ಸಾಮಾನ್ಯವಾಗಿ ಅದು ಮೂರು ಅಂಕಿಗಳ ರೂಪದಲ್ಲಿರುವದು: 17:17:17, 10:26:26, 19:19:19 ಹೀಗೆ. ಮೊದಲನೆಯದು ಎನ್, ಅಂದರೆ ಸಾರಜನಕ. ಎರಡನೆಯದು ಪಿ, ಅಂದರೆ ರಂಜಕ. ಮೂರನೆಯದು ಕೆ, ಅಂದರೆ ಪೊಟ್ಯಾಷ್. ಈ ಕ್ರಮವು ಎಂದಿಗೂ ಬದಲಾಗುವದಿಲ್ಲ. ಅಂಕಿಯ ಅರ್ಥವು ನೂರಕ್ಕೆ ಇಷ್ಟು ಎಂಬದು. 17:17:17 ಎಂದಿದ್ದರೆ ನೂರು ಕಿಲೋ ಗೊಬ್ಬರದಲ್ಲಿ ಮೂರೂ ಹದಿನೇಳು ಹದಿನೇಳು ಕಿಲೋ. 50 ಕಿಲೋದ ಒಂದು ಚೀಲದಲ್ಲಿ ಎಂಟೂವರೆ ಎಂಟೂವರೆ ಕಿಲೋ. ಡಿ.ಎ.ಪಿ. ಎಂದು ಜನ ಕರೆಯುವದು 18:46:0. ಅದರಲ್ಲಿ ಪೊಟ್ಯಾಷ್ ಸೊನ್ನೆ. ಕೆಲವು ಚೀಲಗಳ ಮೇಲೆ ನಾಲ್ಕನೆಯ ಅಂಕಿಯೊಂದಿರುವದುಂಟು, 20:20:0:13 ಎಂಬಂತೆ; ಆ ಹದಿಮೂರು ಗಂಧಕ.

ಯೂರಿಯಾದಲ್ಲಿ ಇರುವದು ಸಾರಜನಕವೊಂದೇ, ನೂರಕ್ಕೆ 46. ಹಾಗಾದರೆ ಉಳಿದ 54 ಏನು, ಮಣ್ಣೋ ಬೆರಕೆಯೋ ಎಂದು ಒಬ್ಬ ರೈತರು ನನ್ನನ್ನು ಕೇಳಿದ್ದರು. ಪ್ರಶ್ನೆ ನ್ಯಾಯವಾದದ್ದೇ. ಉಳಿದದ್ದು ಇಂಗಾಲ, ಆಮ್ಲಜನಕ, ಜಲಜನಕಗಳು. ಸಾರಜನಕವು ಅವುಗಳೊಡನೆ ಕೂಡಿಕೊಂಡೇ ಹರಳಾಗಿ ನಿಲ್ಲಬಲ್ಲದು. ಬರಿಯ ಸಾರಜನಕವಾದರೆ ಗಾಳಿಯಾಗಿ ಹಾರಿಹೋಗುವದು. ಆದ್ದರಿಂದ ಚೀಲದಲ್ಲಿ ನೂರಕ್ಕೆ ನೂರು ಆಹಾರವನ್ನು ಯಾರೂ ತುಂಬಿಕೊಡಲಾರರು.

ಇಲ್ಲಿ ಒಂದು ಸೂಕ್ಷ್ಮವುಂಟು. ಸಾರಜನಕದ ಅಂಕಿ ಇದ್ದದ್ದನ್ನು ಇದ್ದ ಹಾಗೆಯೇ ಹೇಳುವದು. ರಂಜಕ ಪೊಟ್ಯಾಷ್‌ಗಳ ಅಂಕಿಗಳು ಹಾಗಲ್ಲ. ಹಿಂದಿನ ಶತಮಾನಗಳ ರಸಾಯನಶಾಸ್ತ್ರಜ್ಞರು ಸಸ್ಯವನ್ನು ಸುಟ್ಟು, ಉಳಿದ ಬೂದಿಯನ್ನು ಪರೀಕ್ಷಿಸಿ, ಅದರಲ್ಲಿದ್ದ ವಸ್ತುಗಳನ್ನು ಆಮ್ಲಜನಕದೊಡನೆ ಕೂಡಿದ ಸ್ಥಿತಿಯಲ್ಲಿ ಲೆಕ್ಕ ಬರೆದರು. ಪೊಟ್ಯಾಷ್ ಎಂಬ ಶಬ್ದದ ಮೂಲಾರ್ಥವೇ ಪಾತ್ರೆಯ ಬೂದಿ ಎಂದು. ಕಟ್ಟಿಗೆಯ ಬೂದಿಯನ್ನು ನೀರಿನಲ್ಲಿ ಕದಡಿ, ತಿಳಿಯನ್ನು ಪಾತ್ರೆಯಲ್ಲಿ ಬತ್ತಿಸಿ ಅದನ್ನು ತೆಗೆಯುತ್ತಿದ್ದರು. ಆ ಹಳೆಯ ರೂಢಿ ಇಂದಿಗೂ ಚೀಲದ ಮೇಲೆ ಉಳಿದುಬಂದಿದೆ. ನಿಜವಾದ ರಂಜಕ ಬೇಕಾದರೆ ಎರಡನೆಯ ಅಂಕಿಯನ್ನು 0.44ರಿಂದಲೂ, ನಿಜವಾದ ಪೊಟ್ಯಾಸಿಯಂ ಬೇಕಾದರೆ ಮೂರನೆಯ ಅಂಕಿಯನ್ನು 0.83ರಿಂದಲೂ ಗುಣಿಸಬೇಕು. ಡಿ.ಎ.ಪಿ.ಯ 50 ಕಿಲೋ ಚೀಲದಲ್ಲಿ ಲೆಕ್ಕದ ಪ್ರಕಾರ 23 ಕಿಲೋ ಇದ್ದರೂ ಅದರಲ್ಲಿನ ರಂಜಕ ಧಾತು ಹತ್ತು ಕಿಲೋ ಮಾತ್ರ. ಇದು ವಂಚನೆಯಲ್ಲ. ಬೆಳೆಗೆ ಇಷ್ಟು ಹಾಕಿರೆಂದು ಕೃಷಿ ವಿಶ್ವವಿದ್ಯಾಲಯದವರು ಹೇಳುವ ಶಿಫಾರಸೂ ಇದೇ ಹಳೆಯ ಲೆಕ್ಕದಲ್ಲಿರುವದರಿಂದ ವ್ಯವಹಾರದಲ್ಲಿ ತೊಡಕು ಬರುವದಿಲ್ಲ. ಪರದೇಶದ ಪುಸ್ತಕಗಳನ್ನೋ ಮಣ್ಣಿನ ಪರೀಕ್ಷೆಯ ವರದಿಯನ್ನೋ ಓದುವಾಗ ಮಾತ್ರ ಯಾವ ಲೆಕ್ಕವೆಂಬದನ್ನು ನೋಡಿಕೊಳ್ಳಬೇಕು.

ಇನ್ನು ಅಳತೆಗೆ ಬರೋಣ. ನನ್ನ ಬಿಲ್ವ ಸತ್ತದ್ದು ಇಲ್ಲಿಯೇ. ಶಿಫಾರಸುಗಳೆಲ್ಲವೂ ಹೆಕ್ಟೇರಿನ ಇಲ್ಲವೆ ಎಕರೆಯ ಲೆಕ್ಕದಲ್ಲಿರುವವು. ಹಿತ್ತಲಿಗೆ ಅವನ್ನು ಇಳಿಸುವದು ಹೇಗೆಂದು ತಾಯಂದಿರು ಕೈಬಿಡುವರು. ಒಂದು ಸುಲಭವಾದ ಸೂತ್ರವನ್ನು ನೆನಪಿಟ್ಟುಕೊಳ್ಳಿರಿ: ಹೆಕ್ಟೇರಿಗೆ ನೂರು ಕಿಲೋ ಎಂದರೆ ಒಂದು ಚದರ ಮೀಟರಿಗೆ ಹತ್ತು ಗ್ರಾಂ. ಹತ್ತು ಅಡಿ ಉದ್ದ ಹತ್ತು ಅಡಿ ಅಗಲದ ಒಂದು ಮಡಿ ಸುಮಾರು ಒಂಬತ್ತೂಕಾಲು ಚದರ ಮೀಟರಾಗುವದು. ಅಂಥ ಮಡಿಯಲ್ಲಿ ಬೆಳೆದ ಕಾಯಿಪಲ್ಯಕ್ಕೆ ಹೆಕ್ಟೇರಿಗೆ ನೂರು ಕಿಲೋ ಸಾರಜನಕದ ಲೆಕ್ಕ ಹಿಡಿದರೆ ಬೇಕಾದದ್ದು 93 ಗ್ರಾಂ ಸಾರಜನಕ. ಯೂರಿಯಾದಲ್ಲಿ ನೂರಕ್ಕೆ 46 ಇರುವದರಿಂದ 93ನ್ನು 46ರಿಂದ ಭಾಗಿಸಿ ನೂರರಿಂದ ಗುಣಿಸಿದರೆ 202 ಗ್ರಾಂ ಬರುವದು. ಇಡಿಯ ಮಡಿಗೆ, ಇಡಿಯ ಬೆಳೆಗೆ, ಇನ್ನೂರು ಗ್ರಾಂ! ಅದನ್ನಾದರೂ ಒಮ್ಮೆಗೇ ಹಾಕದೆ ಎರಡು ಮೂರು ಸಲ ಹಂಚಿ ಹಾಕತಕ್ಕದ್ದು.

ಈಗ ನನ್ನ ಕುಂಡವನ್ನು ನೋಡಿರಿ. ಒಂದು ಅಡಿ ಬಾಯಗಲದ ಕುಂಡದ ಮಣ್ಣಿನ ಮುಖ ಚದರ ಮೀಟರಿನ ಹದಿನಾಲ್ಕನೆಯ ಒಂದು ಪಾಲು. ಅದೇ ಲೆಕ್ಕದಿಂದ ಅದಕ್ಕೆ ಸಲ್ಲುವದು ಒಂದೂವರೆ ಗ್ರಾಂ ಯೂರಿಯಾ. ನಾನು ಹಾಕಿದ ಹಿಡಿಯನ್ನು ಆಮೇಲೆ ತೂಗಿ ನೋಡಿದರೆ ನಾಲ್ವತ್ತು ಗ್ರಾಂ ಆಯಿತು. ಒಬ್ಬನ ಊಟಕ್ಕೆ ಕುಳ್ಳಿರಿಸಿ ಇಪ್ಪತ್ತೈದು ಮಂದಿಯ ಅಡಿಗೆಯನ್ನು ಅವನ ಬಾಯಿಗೆ ತುರುಕಿದಂತಾಯಿತು. ತಾಯಂದಿರು ಉಪ್ಪಿನಕಾಯಿಗೆ ಹೆಚ್ಚಿದ ಮಾವಿನಕಾಯಿಯ ಮೇಲೆ ಉಪ್ಪು ಸುರಿದಾಗ ಹೋಳಿನೊಳಗಿನ ನೀರು ಹೊರಬರುವದನ್ನು ದಿನವೂ ಕಂಡವರು. ಬೇರಿನ ಸುತ್ತ ಗೊಬ್ಬರದ ಉಪ್ಪು ಹೆಚ್ಚಾದಾಗ ಆಗುವದೂ ಅದೇ. ಗಿಡ ನೀರನ್ನು ಹೀರುವ ಬದಲು ಮಣ್ಣೇ ಗಿಡದ ನೀರನ್ನು ಹೀರಿಬಿಡುವದು. ಆಗ ಮೇಲೆ ಎಷ್ಟು ನೀರೆರೆದರೂ ಗಿಡ ಬಾಯಾರಿಯೇ ಸಾಯುವದು. ಆದ್ದರಿಂದ ಕುಂಡಗಳಿಗೆ ಹರಳಿನ ಗೊಬ್ಬರವನ್ನು ಹಿಡಿಯಿಂದಲಾಗಲಿ ಚಮಚದಿಂದಲಾಗಲಿ ಹಾಕುವದಕ್ಕಿಂತ, ನೀರಿನಲ್ಲಿ ಪೂರ್ಣ ಕರಗುವ 19:19:19ರಂಥದನ್ನು ಲೀಟರು ನೀರಿಗೆ ಒಂದು ಗ್ರಾಂನಂತೆ ಕರಗಿಸಿ, ಮೊದಲೇ ತೇವವಾಗಿರುವ ಮಣ್ಣಿಗೆ ಹದಿನೈದು ದಿನಕ್ಕೊಮ್ಮೆ ಎರೆಯುವದು ಲೇಸು. ಬಂಗಾರ ತೂಗುವಂಥ ಚಿಕ್ಕ ತಕ್ಕಡಿಗಳು ಈಗ ಅಗ್ಗವಾಗಿ ದೊರೆಯುವವು; ತೊಲ ಮಾಸಿಗಳಲ್ಲಿ ತೂಗಿ ಬೆಳೆದ ಹಿರಿಯರಿಗೆ ಗ್ರಾಮಿನ ಲೆಕ್ಕ ಕಷ್ಟವಾಗಲಾರದು.

ಇಷ್ಟು ಕೇಳಿದ ಮೇಲೆ, ಈ ಸರಕಾರಿ ಗೊಬ್ಬರದ ಗೊಡವೆಯೇ ಬೇಡ, ನಮಗೆ ಶ್ರೀಮಠದ ಗೋಶಾಲೆಯ ತಿಪ್ಪೆಗೊಬ್ಬರವೇ ಸಾಕು ಎಂದು ಹಲವರಿಗೆ ಅನ್ನಿಸಬಹುದು. ನನ್ನ ಒಲವೂ ಆ ಕಡೆಗೇ. ಆದರೆ ಒಲವಿನಿಂದ ಲೆಕ್ಕ ತಪ್ಪಬಾರದು. ಕೊಟ್ಟಿಗೆ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಸುಮಾರು ಅರ್ಧ, ರಂಜಕ ಸುಮಾರು 0.2, ಪೊಟ್ಯಾಷ್ ಮತ್ತೆ ಅರ್ಧ. ಚೀಲದ ರೀತಿಯಲ್ಲಿ ಬರೆದರೆ 0.5:0.2:0.5. ಅದೇ ಮಡಿಗೆ 93 ಗ್ರಾಂ ಸಾರಜನಕ ಅದರಿಂದಲೇ ಬರಬೇಕಾದರೆ ಹತ್ತೊಂಬತ್ತು ಕಿಲೋದಷ್ಟು ಬೇಕು. ಅದರಲ್ಲಿಯೂ ಮೊದಲನೆಯ ಬೆಳೆಗೆ ದಕ್ಕುವದು ಮೂರನೆಯ ಒಂದು ಪಾಲಿನಷ್ಟೇ. ಉಳಿದದ್ದು ಮಣ್ಣಿನಲ್ಲಿ ನಿಂತು ಮುಂದಿನ ಬೆಳೆಗಳಿಗೆ ಒದಗುವದು. ಎರೆಹುಳುವಿನ ಗೊಬ್ಬರದಲ್ಲಿ ಸಾರಜನಕ ನೂರಕ್ಕೆ ಒಂದರ ಸುಮಾರು. ಬೇವಿನ ಹಿಂಡಿಯಲ್ಲಿ ಐದರಷ್ಟು. ಆ ಮಡಿಗೆ ಎರಡು ಕಿಲೋಕ್ಕೆ ಸ್ವಲ್ಪ ಕಡಿಮೆ ಸಾಕು. ಅಂಕಿ ಚಿಕ್ಕದೆಂದು ಕೊಟ್ಟಿಗೆ ಗೊಬ್ಬರವನ್ನು ಹೀಯಾಳಿಸುವವರು ಒಂದು ಮಾತನ್ನು ಮರೆಯುವರು. ಮಣ್ಣನ್ನು ಮಿದುವಾಗಿಸುವ, ನೀರನ್ನು ಹಿಡಿದಿಡುವ, ಕೋಟ್ಯಂತರ ಸೂಕ್ಷ್ಮಜೀವಿಗಳಿಗೆ ಅನ್ನವಾಗುವ ಇಂಗಾಲದ ಅಂಶವನ್ನು ಆ ಮೂರು ಅಂಕಿಗಳು ಹೇಳುವದೇ ಇಲ್ಲ. ಯೂರಿಯಾದ ಚೀಲದಿಂದ ಆ ಕೆಲಸವಾಗದು.

ಹಾಗೆಂದು ಚೀಲದ ಸಾರಜನಕ ವಿಷ, ಸಗಣಿಯ ಸಾರಜನಕ ಅಮೃತ ಎಂಬ ಮಾತೂ ನಿಲ್ಲುವಂಥದಲ್ಲ. ಜರ್ಮನಿಯ ವೋಲರ್ ಎಂಬ ರಸಾಯನಶಾಸ್ತ್ರಜ್ಞನು 1828ರಲ್ಲಿ ಪ್ರಯೋಗಶಾಲೆಯಲ್ಲಿ ಯೂರಿಯಾವನ್ನು ತಯಾರಿಸಿದಾಗ ವಿದ್ವಾಂಸರು ಬೆರಗಾದದ್ದು ಏತಕ್ಕೆಂದರೆ, ಅದುವರೆಗೆ ಆ ವಸ್ತುವು ಪ್ರಾಣಿಗಳ ಮೂತ್ರದಲ್ಲಿಯೇ ದೊರೆಯುತ್ತಿದ್ದಿತು. ಗೋಮೂತ್ರದಲ್ಲಿರುವ ಯೂರಿಯಾಕ್ಕೂ ಚೀಲದ್ದಕ್ಕೂ ಬೇರಿನ ದೃಷ್ಟಿಯಲ್ಲಿ ಭೇದವಿಲ್ಲ. ಎರಡೂ ಮಣ್ಣಿನಲ್ಲಿ ಅದೇ ರೀತಿ ಬದಲಾಗಿಯೇ ಬೇರನ್ನು ಸೇರುವವು. ಭೇದವಿರುವದು ಪ್ರಮಾಣದಲ್ಲಿ, ವೇಗದಲ್ಲಿ, ಜೊತೆಗೆ ಬರುವ ಇತರ ವಸ್ತುಗಳಲ್ಲಿ. ಗೋಶಾಲೆಯ ಸೇವೆಯಲ್ಲಿರುವವರಿಗೆ ಇನ್ನೊಂದು ವಿಜ್ಞಾಪನೆ: ತಿಪ್ಪೆಯನ್ನು ಬಿಸಿಲು ಮಳೆಗೆ ಬಿಟ್ಟರೆ ಆ ಅರ್ಧಾಂಶದಲ್ಲಿಯೂ ದೊಡ್ಡ ಪಾಲು ಗಾಳಿಗೂ ನೀರಿಗೂ ಹೋಗುವದು. ಒಲೆಯ ಬೂದಿಯನ್ನು ಹಸಿ ಸಗಣಿಯೊಡನೆಯೋ ಯೂರಿಯಾದೊಡನೆಯೋ ಕಲಸಬಾರದು. ಅದರ ಕ್ಷಾರದಿಂದ ಸಾರಜನಕವು ಅಮೋನಿಯಾ ಆಗಿ ಹಾರುವದು. ಮೂಗಿಗೆ ಹೊಡೆಯುವ ಆ ವಾಸನೆಯೇ ಕಳೆದುಕೊಂಡ ಗೊಬ್ಬರ. ಬೂದಿಯನ್ನು ಬೇರೆಯಾಗಿಟ್ಟು, ಪೊಟ್ಯಾಷಿಗೆಂದು ಬೇರೆ ದಿನ, ಅದೂ ಎರೆಭೂಮಿಗೆ ಬಿಟ್ಟು ಕೆಂಪು ಮಸಾರಿಗೆ ಸ್ವಲ್ಪ ಸ್ವಲ್ಪವಾಗಿ ಹಾಕಿರಿ.

ಅಂಕಿಗಳಲ್ಲದೆ ಚೀಲದ ಮೇಲಿನ ಅಕ್ಷರಗಳನ್ನೂ ಓದಬೇಕೆಂಬದಕ್ಕೆ ನಮ್ಮ ಸಮಾಜಕ್ಕೆ ವಿಶೇಷವಾದ ಕಾರಣವೊಂದುಂಟು. ಪಟ್ಟಣದ ಸಸ್ಯದ ಅಂಗಡಿಗಳಲ್ಲಿ ಹೂವಿನ ಗಿಡಗಳಿಗೆಂದು ಚಂದವಾದ ಪೊಟ್ಟಣಗಳು ಮಾರಾಟಕ್ಕಿರುವವು. ಹಲವದರ ಮೇಲೆ ಇಂಗ್ಲಿಷಿನಲ್ಲಿ ಬೋನ್ ಮೀಲ್ ಎಂದಿರುವದು. ಅದು ಪ್ರಾಣಿಗಳ ಎಲುಬಿನ ಪುಡಿ. ಅದರಲ್ಲಿ ರಂಜಕವು ನೂರಕ್ಕೆ ಇಪ್ಪತ್ತಕ್ಕೂ ಮಿಕ್ಕಿ ಇರುವದು, ಗೊಬ್ಬರವಾಗಿ ಕೆಟ್ಟದ್ದೇನಲ್ಲ. ಆದರೆ ಲಿಂಗಪೂಜೆಯ ಹೂ ಪತ್ರೆಗಳ ಬುಡಕ್ಕೆ ಅದನ್ನು ಹಾಕಲು ಒಪ್ಪದ ಭಕ್ತರು, ಸಾವಯವವೆಂಬ ಒಂದು ಶಬ್ದವನ್ನು ನೋಡಿ ನಿಶ್ಚಿಂತರಾಗಿ ಅದನ್ನೇ ಮನೆಗೆ ತರುತ್ತಿರುವದನ್ನು ನಾನು ಕಂಡಿದ್ದೇನೆ. ಅಂಥವರು ರಂಜಕಕ್ಕಾಗಿ ಸೂಪರ್ ಫಾಸ್ಫೇಟನ್ನು ಬಳಸಬಹುದು; ಅದು ಕಲ್ಲಿನಿಂದ ಆದದ್ದು, ನೂರಕ್ಕೆ 16 ರಂಜಕದೊಡನೆ ಗಂಧಕವೂ ಸುಣ್ಣದಂಶವೂ ಅದರಲ್ಲಿರುವವು.

ಅಂಥ ಪೊಟ್ಟಣಗಳ ಬೆಲೆಯನ್ನು ಅಳೆಯುವ ಬಗೆಯೂ ಅಂಕಿಗಳಲ್ಲಿಯೇ ಇದೆ. ನೂರು ರೂಪಾಯಿಯ ಒಂದು ಕಿಲೋ ಪೊಟ್ಟಣದ ಮೇಲೆ ಸಾರಜನಕ ನೂರಕ್ಕೆ ಒಂದು ಎಂದಿದ್ದರೆ ನೀವು ಕೊಂಡದ್ದು ಹತ್ತು ಗ್ರಾಂ ಸಾರಜನಕ. ಅದರ ಹತ್ತು ಪಾಲು ಶ್ರೀಮಠದ ತಿಪ್ಪೆಯ ಎರಡು ಬುಟ್ಟಿಗಳಲ್ಲಿ ಪುಕ್ಕಟೆಯಾಗಿ ದೊರೆಯುವದು. ಹೂ ಹೆಚ್ಚಿಸುವದು, ಕಾಯಿ ದಪ್ಪವಾಗಿಸುವದು ಎಂದು ದೊಡ್ಡಕ್ಷರಗಳಲ್ಲಿ ಬರೆದು ಅಂಕಿಗಳನ್ನೇ ಕೊಡದ ಶೀಸೆಗಳೂ ಉಂಟು. ಅಂಕಿಯಿಲ್ಲದ ಶೀಸೆಯನ್ನು ನಾನಂತೂ ಮುಟ್ಟುವದಿಲ್ಲ.

ಗಿಡ ಬಿಳಿಚಿದೊಡನೆ ಸಾರಜನಕವೇ ಕಡಿಮೆಯೆಂದು ತಿಳಿಯುವದೂ ತಪ್ಪು. ಹಳೆಯ ಎಲೆಗಳು ಇಡಿಯಾಗಿ ಹಳದಿಯಾದರೆ ಸಾಮಾನ್ಯವಾಗಿ ಅದು ಸಾರಜನಕದ ಕೊರತೆ. ಎಳೆಯ ಎಲೆಗಳು ಹಳದಿಯಾಗಿ ನರಗಳು ಮಾತ್ರ ಹಸುರಾಗಿ ಉಳಿದರೆ ಅದು ಬಹುಶಃ ಕಬ್ಬಿಣದ ಕೊರತೆ. ಸುಣ್ಣದಂಶ ಹೆಚ್ಚಿರುವ ನಮ್ಮ ಎರೆಭೂಮಿಗಳಲ್ಲಿ ಕಬ್ಬಿಣವಿದ್ದರೂ ಗಿಡಕ್ಕೆ ಎಟುಕದು. ಅಲ್ಲಿ ಯೂರಿಯಾ ಸುರಿದು ಫಲವಿಲ್ಲ. ರಂಜಕವನ್ನು ವರ್ಷವರ್ಷವೂ ಅತಿಯಾಗಿ ಹಾಕಿದ ಹಿತ್ತಲುಗಳಲ್ಲಿ ಸತುವು ಕಬ್ಬಿಣಗಳು ಗಿಡಕ್ಕೆ ದಕ್ಕದಂತಾಗುವದೂ ಉಂಟು. ದಾಸೋಹದ ಅಡಿಗೆಮನೆಯಲ್ಲಿ ಹಿಟ್ಟು ತೀರಿದ ಮೇಲೆ ಎಷ್ಟು ಕಟ್ಟಿಗೆ ಒಟ್ಟಿದರೇನು, ರೊಟ್ಟಿಗಳ ಸಂಖ್ಯೆ ಹೆಚ್ಚುವದೆ? ಯಾವುದು ಎಲ್ಲಕ್ಕಿಂತ ಕಡಿಮೆಯಿದೆಯೋ ಅದೇ ಬೆಳೆಯ ಮಿತಿಯನ್ನು ಗೊತ್ತುಮಾಡುವದೆಂಬ ಈ ತತ್ವವನ್ನು ಜರ್ಮನಿಯ ಸ್ಪ್ರೆಂಗೆಲ್ ಎಂಬವನು ಮೊದಲು ಹೇಳಿದನು. 1840ರಿಂದೀಚೆಗೆ ಲೀಬಿಗ್‌ನ ಬರಹಗಳಿಂದ ಅದು ಲೋಕಪ್ರಸಿದ್ಧವಾಯಿತು. ನಿಮ್ಮ ಹಿತ್ತಲಿನಲ್ಲಿ ಕಡಿಮೆಯಿರುವದು ಯಾವುದೆಂಬದನ್ನು ಚೀಲ ಹೇಳಲಾರದು, ಮಣ್ಣೇ ಹೇಳಬೇಕು. ನಾಲ್ಕಾರು ಕಡೆ ಗೇಣುದ್ದಕ್ಕಿಂತ ಸ್ವಲ್ಪ ಕಡಿಮೆ ಆಳದವರೆಗೆ ಅಗೆದು ಮಣ್ಣು ತೆಗೆದು, ಕೂಡಿಸಿ, ನೆರಳಿನಲ್ಲಿ ಒಣಗಿಸಿ, ಅರ್ಧ ಕಿಲೋದಷ್ಟನ್ನು ಸಮೀಪದ ಕೃಷಿ ವಿಜ್ಞಾನ ಕೇಂದ್ರಕ್ಕೋ ಮಣ್ಣು ಪರೀಕ್ಷೆಯ ಪ್ರಯೋಗಶಾಲೆಗೋ ಒಯ್ದು ಕೊಟ್ಟರೆ ಪರೀಕ್ಷಿಸಿ ಹೇಳುವರು. ಗೊಬ್ಬರ ಹಾಕಿದ ಹೊಸದರಲ್ಲಿ ಮಾತ್ರ ಮಣ್ಣು ತೆಗೆಯಬೇಡಿರಿ.

ಹೆಚ್ಚಾದರೆ ಹೆಚ್ಚಾಯಿತು, ಭೂಮಿಯಲ್ಲಿಯೇ ಇರುವದಲ್ಲ ಎಂಬವರಿಗೆ ಬಾವಿಯ ಮಾತೊಂದನ್ನು ಹೇಳಬೇಕು. ಗಿಡ ಹೀರದೆ ಉಳಿದ ಸಾರಜನಕವು ನೈಟ್ರೇಟ್ ಆಗಿ ನೀರಿನೊಡನೆ ಕೆಳಕ್ಕಿಳಿಯುವದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 45 ಮಿಲಿಗ್ರಾಂ ಮೀರಬಾರದೆಂದು ಭಾರತೀಯ ಮಾನಕವಿದೆ. ಮೀರಿದ ನೀರಿನಲ್ಲಿ ಪುಡಿಯ ಹಾಲನ್ನು ಕದಡಿ ಹಸುಗೂಸುಗಳಿಗೆ ಕುಡಿಸಿದರೆ ಅವುಗಳ ರಕ್ತವು ಪ್ರಾಣವಾಯುವನ್ನು ಒಯ್ಯುವ ಶಕ್ತಿಯನ್ನು ಕಳೆದುಕೊಂಡು ಮೈ ನೀಲಿಗಟ್ಟುವದು. ನೀರನ್ನು ಕಾಯಿಸಿದರೂ ನೈಟ್ರೇಟ್ ಹೋಗುವದಿಲ್ಲ. ಈ ದೋಷ ಚೀಲದ ಗೊಬ್ಬರಕ್ಕೆ ಮಾತ್ರ ಮೀಸಲಲ್ಲ. ಬಾವಿಯ ಕಟ್ಟೆಗೆ ತಾಗಿ ಒಟ್ಟಿದ ತಿಪ್ಪೆಯಿಂದಲೂ ಅದು ಬರುವದು. ಊರಿಗೆ ಹೋದೊಡನೆ ನಿಮ್ಮ ತಿಪ್ಪೆ ಎಲ್ಲಿದೆ, ಬಾವಿ ಎಲ್ಲಿದೆ ಎಂಬದನ್ನು ದಯವಿಟ್ಟು ಒಮ್ಮೆ ನೋಡಿರಿ.

ಶ್ರೀಗಳವರ ಕೃಪೆಯಿಂದ ನನಗೆ ಕಳೆದ ವರ್ಷ ಇನ್ನೊಂದು ಬಿಲ್ವದ ಸಸಿ ದೊರೆಯಿತು. ಈ ಸಲ ಅದನ್ನು ಬಂಧುಗಳೊಬ್ಬರ ಹಿತ್ತಲಲ್ಲಿ ನೆಲದಲ್ಲಿಯೇ ನೆಟ್ಟಿದ್ದೇನೆ. ಕುಣಿಗೆ ಎರಡು ಬುಟ್ಟಿ ಹಳೆಯ ತಿಪ್ಪೆಗೊಬ್ಬರ, ಅರ್ಧ ಕಿಲೋ ಬೇವಿನ ಹಿಂಡಿ, ಮತ್ತೇನನ್ನೂ ಹಾಕಿಲ್ಲ. ಎರಡು ಮೊಳ ಬೆಳೆದಿದೆ.

ಉತ್ಸವದ ಉಳಿದ ದಿನಗಳಲ್ಲಿ ಪ್ರಸಾದವಾದ ಮೇಲೆ ನಾನು ಶ್ರೀಮಠದ ಹೂದೋಟದ ಬದಿಯಲ್ಲಿ ಒಂದು ಚಿಕ್ಕ ತಕ್ಕಡಿಯನ್ನಿಟ್ಟುಕೊಂಡು ಕುಳಿತಿರುವೆನು. ಮನೆಯಲ್ಲಿರುವ ಪೊಟ್ಟಣಗಳನ್ನು, ಇಲ್ಲವೆ ಅವುಗಳ ಮೇಲಿನ ಚೀಟಿಗಳನ್ನಾದರೂ ತಂದರೆ, ನಿಮ್ಮ ಮಡಿಗೂ ಕುಂಡಕ್ಕೂ ಎಷ್ಟೆಂಬದನ್ನು ಕೂಡಿಯೇ ಲೆಕ್ಕ ಹಾಕೋಣ. ಮಡಿಯ ಉದ್ದ ಅಗಲಗಳನ್ನು ಮಾತ್ರ ಮರೆಯದೆ ಅಳೆದುಕೊಂಡು ಬರಬೇಕು.